ಪೆಟ್ಟಿಗೆಯೊಳಗಿನ ಹಸು

ಬೀಗ ರಿಪೇರಿಯ ಬೀಗಣ್ಣ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಾಲ್ಕು ಜನ ಸೇರಿದ ಕಡೆ ಬಾಯಿ ಮುಚ್ಚಿಕೊಂಡಿರುವುದು ಅವನ ಹಣೆಯಲ್ಲೇ ಬರೆದಿರಲಿಲ್ಲ. ಶಾಲೆ ಶುರುವಾಗಿ ತಿಂಗಳಾದರೂ ಮಕ್ಕಳ ಕಣ್ಣನ್ನು ಮೊಬೈಲಿನಿಂದ ಕೀಳಲಾಗುತ್ತಿಲ್ಲ ಎಂದು ದೊಡ್ಡ ಮೇಡಂ ಪೋಷಕರ ಸಭೆಯಲ್ಲಿ ನಿಟ್ಟುಸಿರು ಬಿಟ್ಟದ್ದೇ ತಡ, ಇವನು ಎದ್ದು ನಿಂತ.

"ಅದೇನ್ ಮಹಾ ಮೇಡಂ? ಒಂದು ಪೆಟ್ಟಿಗೆ, ಒಂದು ಒಳ್ಳೇ ಬೀಗ. ನನ್ನ ಬೀಗ ತೆಗಿಯೋ ಕಳ್ಳ ಇನ್ನೂ ಹುಟ್ಟಿಲ್ಲ!"

"ಹಾಗಾದ್ರೆ ನಿಮ್ಮ ಕಟ್ಟಡದ ಮಕ್ಕಳಿಂದಲೇ ಶುರು ಮಾಡಿ. ಸೋಮವಾರ ಸಂಜೆ ಬಂದು ನೋಡ್ತೀನಿ. ಚೆನ್ನಾಗಿ ನಡೆದ್ರೆ ಇಡೀ ಶಾಲೆ ಕಪಾಟುಗಳಿಗೆ ನಿಮ್ಮದೇ ಬೀಗ," ಎಂದರು ಮೇಡಂ.

ಬೀಗಣ್ಣನಿಗೆ ನೆಲ ಕಾಣಲಿಲ್ಲ. ಮುಂದಿನ ಬೀದಿಯಲ್ಲಿ ಹೊಸ ಬೀಗದ ಅಂಗಡಿ ಬಂದ ಮೇಲೆ ಅವನ ಅಂಗಡಿಗೆ ನೊಣ ಬಿಟ್ಟು ಬೇರೆ ಗಿರಾಕಿ ಇರಲಿಲ್ಲ. ಈ ಕೆಲಸ ಸಿಕ್ಕಿದರೆ ಅಂಗಡಿ ಉಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟ ಮಕ್ಕಳೆಲ್ಲ ಬೀಗಣ್ಣನ ಮನೆಗೆ ಬಂದು ಪೆಟ್ಟಿಗೆಗೆ ಫೋನು ಹಾಕಿದರು. ಅಳುವಿಲ್ಲ, ರಂಪವಿಲ್ಲ, ಕಿಸಿಕಿಸಿ ನಗು ಬೇರೆ. ಮಗಳು ಪುಟ್ಟಿಯಂತೂ ತಾನೇ ಮುಂದೆ ನಿಂತು ಎಲ್ಲರಿಂದ ಹಾಕಿಸಿದಳು.

"ನೋಡಿದೆಯೇನೇ? ಮಕ್ಕಳಿಗೆ ಹೇಳೋ ಹಾಗೆ ಹೇಳಿದ್ರೆ ಕೇಳ್ತಾರೆ," ಎಂದು ಬೀಗಣ್ಣ ಹೆಂಡತಿಯ ಮುಂದೆ ಎದೆಯುಬ್ಬಿಸಿದ.

"ನಗ್ತಾ ಕೊಟ್ರಲ್ಲ ರೀ, ಅದೇ ನಂಗೆ ಭಯ," ಎಂದಳು ಅವಳು.

ಬೀಗ ಹಾಕಿ ಕೂರುವಷ್ಟರಲ್ಲಿ ಮೇಲಿನ ಮನೆಯ ಬ್ಯಾಂಕ್ ಕ್ಯಾಷಿಯರು ಬಂದರು. "ಬೀಗಣ್ಣ, ಒಂದೇ ನಿಮಿಷ ನನ್ನ ಮಗನ ಫೋನ್ ಕೊಡಿ. ಇವತ್ತು ಕರೆಂಟ್ ಬಿಲ್ ಕಟ್ಟೋಕೆ ಕೊನೇ ದಿನ."

"ನೀವೇ ಬ್ಯಾಂಕಲ್ಲಿದೀರಲ್ಲ ಸಾರ್?"

"ಅಯ್ಯೋ, ಈ ಫೋನಲ್ಲಿ ಕಟ್ಟೋದೆಲ್ಲ ನನಗೆಲ್ಲಿ ಗೊತ್ತು? ಅದೆಲ್ಲ ಅವನದೇ."

ಬೀಗಣ್ಣ ಗಂಟಲು ಸರಿಮಾಡಿಕೊಂಡ. "ಮೇಡಂಗೆ ಮಾತು ಕೊಟ್ಟಿದೀನಿ. ಫೋನು ಈ ಹೊಸಿಲು ದಾಟೋ ಹಾಗಿಲ್ಲ. ಬೇಕಾದ್ರೆ ಇಲ್ಲೇ ಕೂತು ನೋಡ್ಕೊಳ್ಳಿ."

ಕ್ಯಾಷಿಯರು ಬ್ಯಾಂಕಿಗೆ ಹೋಗುವುದನ್ನೂ ಮರೆತು ಕೂತರು. ಆಮೇಲೆ ಟೈಲರ್ ಅಕ್ಕ ಬಂದಳು, ಹೊಲಿಗೆಯ ಡಿಸೈನುಗಳೆಲ್ಲ ಮಗಳ ಫೋನಿನಲ್ಲಿವೆಯಂತೆ. ಅವಳೂ ಕೂತಳು. ಕೊನೆಗೆ ಎದುರು ಮನೆಯ ವಕೀಲರು ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದರು: "ನನ್ನ ಮಗನ ಫೋನಲ್ಲಿ ಒಂದು ಹಸು ಇದೆ."

"ಏನಿದೆ?"

"ಆಟದ ಹಸು ಕಣಯ್ಯ. ಅವನು ಶಾಲೆಗೆ ಹೋದಾಗ ಮೇವು ಹಾಕೋದು ನಾನು. ತಡವಾದ್ರೆ ಸೊರಗಿಹೋಗುತ್ತೆ."

ನ್ಯಾಯಾಲಯದಲ್ಲಿ ಎದುರಾಳಿಯನ್ನು ನಡುಗಿಸುವ ವಕೀಲರು ಹಸುವಿನ ಮೈ ಸವರುತ್ತ ನೆಲದ ಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಹಿರಿಯರೆಲ್ಲ ಬೀಗಣ್ಣನ ಹಜಾರದಲ್ಲಿದ್ದರು. ಅವನ ಹೆಂಡತಿಯೂ ಪುಟ್ಟಿಯ ಫೋನು ಹಿಡಿದು ಧಾರಾವಾಹಿ ಹಚ್ಚಿದ್ದಳು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಬೀಗ ಹಾಕಿ ತೆಗೆದು ಬೇಸತ್ತ ಬೀಗಣ್ಣ ಕೀಲಿಕೈಯನ್ನು ಪೆಟ್ಟಿಗೆಯೊಳಕ್ಕೇ ಎಸೆದು, ತಾನೂ ತನ್ನ ಫೋನು ತೆಗೆದು ಮೂಲೆ ಹಿಡಿದ.

"ರೀ! ದೊಡ್ಡ ಮೇಡಂ ಬರ್ತಿದಾರೆ, ಪುಟ್ಟೀನೂ ಜೊತೇಲಿದಾಳೆ!" ಸಂಜೆ ಕಿಟಕಿಯ ಪಕ್ಕದಿಂದ ಹೆಂಡತಿ ಕೂಗಿದಳು.

ಬೀಗಣ್ಣ ಎಲ್ಲರ ಕೈಯಿಂದ ಫೋನು ಕಿತ್ತು, ಗಡಿಬಿಡಿಯಲ್ಲಿ ತನ್ನದನ್ನೂ ಸೇರಿಸಿ ಪೆಟ್ಟಿಗೆಗೆ ಸುರಿದು ಬೀಗ ಒತ್ತಿದ. ಕಟಕ್ ಎಂದಿತು. ಕೀಲಿಕೈ ಒಳಗಿದೆ ಎಂಬುದು ಹೊಳೆದದ್ದು ಆಮೇಲೆ.

ಒಳಗೆ ಬಂದ ಮೇಡಂಗೆ ಕಂಡದ್ದು ಬೀಗ ಬಿದ್ದ ಪೆಟ್ಟಿಗೆ ಮತ್ತು ಬರಿಗೈಯಲ್ಲಿ ಸಾಧುಗಳಂತೆ ಕೂತ ಹಿರಿಯರು. ಮೇಡಂ ಕಣ್ಣು ತುಂಬಿ ಬಂತು. "ದೊಡ್ಡೋರೂ ಫೋನ್ ಬಿಟ್ಟು ಕೂತಿದೀರಾ! ಬೀಗಣ್ಣ, ನಾಳೆನೇ ಶಾಲೆಗೆ ಬನ್ನಿ, ಆ ಕಪಾಟುಗಳ..."

"ಅಂಬಾ!" ಎಂದಿತು ಪೆಟ್ಟಿಗೆ.

ಹಿರಿಯರೆಲ್ಲ ಚಾವಣಿ ನೋಡಿದರು. ಪೆಟ್ಟಿಗೆ ಮತ್ತೆ ಅರಚಿತು. ವಕೀಲರಿಗೆ ತಡೆಯಲಾಗಲಿಲ್ಲ. "ಹಸಿವು ಮೇಡಂ! ಮೇವು ಅರ್ಧಕ್ಕೇ ನಿಂತಿತ್ತು!"

ಮೇಡಂ ಮುಖ ಗಂಟಿಕ್ಕಿದರು. "ತೆಗೀರಿ ಪೆಟ್ಟಿಗೇನ."

ಬೀಗಣ್ಣ ತಂತಿ ತುರುಕಿದ, ಸ್ಕ್ರೂಡ್ರೈವರ್ ತಿರುಗಿಸಿದ, ಸುತ್ತಿಗೆಯಿಂದ ಬಡಿದ. ಬೀಗ ಜಪ್ಪಯ್ಯ ಅನ್ನಲಿಲ್ಲ. ಬೆವರೊರೆಸಿಕೊಂಡರೂ ಅವನಿಗೆ ಒಳಗೊಳಗೇ ಹೆಮ್ಮೆಯೆನಿಸಿತು. "ನೋಡಿದ್ರಾ ಮೇಡಂ, ನನಗೇ ತೆಗಿಯೋಕಾಗ್ತಿಲ್ಲ. ಇಂಥಾ ಬೀಗ ಬೇರೆ ಎಲ್ಲಿ ಸಿಗುತ್ತೆ ಹೇಳಿ?"

ಮೇಡಂ ಅನುಮಾನದಿಂದಲೇ ತಲೆದೂಗುತ್ತಿದ್ದರು. ಅಷ್ಟರಲ್ಲಿ ಪುಟ್ಟಿ ಮುಂದೆ ಬಂದು, ಜಡೆಯಿಂದ ಹೇರ್‌ಪಿನ್ ಕಿತ್ತು ಬೀಗಕ್ಕೆ ತುರುಕಿ, ಒಂದು ಸಲ ತಿರುವಿದಳು. ಬೀಗ ಬಾಯಿ ಬಿಟ್ಟಿತು.

"ಅಂಗಡೀಲಿ ನೀವು ಮಾಡೋದು ನೋಡಿ ನೋಡಿ ಬಂದ್ಬಿಡ್ತು ಅಪ್ಪ," ಎಂದಳು. "ಎಲ್ಲಾ ಮಕ್ಕಳಿಗೂ ನಿನ್ನೇನೇ ಹೇಳ್ಕೊಟ್ಟಿದೀನಿ."

"ನಿಮ್ಮ ಬೀಗ ತೆಗಿಯೋ ಕಳ್ಳ ಹುಟ್ಟಿಲ್ಲ ಅಂದ್ರಲ್ಲ?" ಮೇಡಂ ಬೀಗಣ್ಣನತ್ತ ತಿರುಗಿದರು. "ನಿಮ್ಮನೇಲೇ ಹುಟ್ಟಿದಾಳಲ್ರೀ! ಶಾಲೆ ಕೆಲಸ ಮುಂದಿನ ಬೀದಿ ಅಂಗಡಿಗೇ ಕೊಡ್ತೀನಿ." ಬಾಗಿಲ ತನಕ ಹೋದವರು ತಿರುಗಿ ನಿಂತರು. "ಈ ಪೆಟ್ಟಿಗೆ ಮಾತ್ರ ಇಲ್ಲೇ ಇರಲಿ. ದಿನಾ ಸಂಜೆ ಮಕ್ಕಳು ಓದೋ ಹೊತ್ತಲ್ಲಿ ದೊಡ್ಡೋರ ಫೋನೂ ಇದರಲ್ಲೇ ಇರಬೇಕು. ಅವರಿಗೆ ಈ ಬೀಗ ಧಾರಾಳ ಸಾಕು, ಪಿನ್ ವಿದ್ಯೆ ಬರಲ್ಲವಲ್ಲ. ಪುಟ್ಟಿ, ಕೀಲಿಕೈ ನಿನ್ನ ಹತ್ರ ಇರಲಿ."

ಬೀಗಣ್ಣ ಮೆಲ್ಲಗೆ ತನ್ನ ಫೋನಿಗೆ ಕೈ ಹಾಕಿದ. ಪುಟ್ಟಿ ಕೀಲಿಕೈ ಎತ್ತಿಕೊಂಡು, ಮುಚ್ಚಳ ಮುಚ್ಚಿ ಬೀಗ ಒತ್ತಿದಳು.

"ಹೇಳೋ ಹಾಗೆ ಹೇಳಿದ್ರೆ ಕೇಳ್ಬೇಕು ಅಪ್ಪ," ಎಂದಳು.