ಹೊಲಿದ ಗೋಣಿ ಬಿಚ್ಚಬಾರದು

ಎಲ್ಲದಕ್ಕೂ ಕಾರಣ ಕೇಳುವ ಮನುಷ್ಯನಿಗೆ ಬೇಗ ಸುಸ್ತಾಗುತ್ತದೆ ಎಂಬ ಸಂಗತಿಯನ್ನು ಯಾವ ಉಪಾಧ್ಯಾಯರೂ ನನಗೆ ಹೇಳಿಕೊಡಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಬೇಕಾದರೆ ಪರ, ವಿರೋಧ ಬೇಕಾದರೆ ವಿರೋಧ ಮಾತಾಡಿ ನಾನು ಗೆದ್ದ ಕಪ್ಪುಗಳು ಪುತ್ತೂರಿನ ನಮ್ಮ ಮನೆಯಲ್ಲಿ ಸಾಲಾಗಿ ಉಂಟು. ಅವುಗಳಲ್ಲಿ ದೊಡ್ಡದಕ್ಕೆ ಅಮ್ಮ ಸಾಸಿವೆ ತುಂಬಿಸಿಟ್ಟಿದ್ದಾರೆ. ಆಧಾರವಿಲ್ಲದೆ ಯಾವುದನ್ನೂ ಒಪ್ಪಬಾರದು ಎಂಬುದು ಆ ಕಾಲದಿಂದ ನನ್ನ ಸಿದ್ಧಾಂತ. ಸಿದ್ಧಾಂತ ಒಳ್ಳೆಯದೇ. ಅದನ್ನು ಇಟ್ಟುಕೊಂಡು ದಿನ ದೂಡುವುದು ಮಾತ್ರ ಆಯಾಸದ ಕೆಲಸ. ದೋಸೆ ತಿನ್ನುವ ಮುಂಚೆ ಮೂರು ಪ್ರಶ್ನೆ ಕೇಳಿದರೆ ದೋಸೆ ತಣಿಯುತ್ತದೆ. ಕೇಳದಿದ್ದರೆ ಸಿದ್ಧಾಂತ ತಣಿಯುತ್ತದೆ. ನಾನು ಬಹಳ ವರ್ಷಗಳಿಂದ ತಣಿದ ದೋಸೆಯನ್ನೇ ತಿನ್ನುತ್ತಿದ್ದೇನೆ.

ಹೊಟ್ಟೆಪಾಡಿಗೆ ನಾನು ವಕೀಲ. ಹಾಗೆಂದರೆ ಹಿರಿಯ ವಕೀಲರೊಬ್ಬರ ಕೈಕೆಳಗಿನ ಜೂನಿಯರು. ಅವರು ಬಾರದ ದಿನ ಎದ್ದು ನಿಂತು ವಾಯಿದೆ ಕೇಳುವುದು ನನ್ನ ಕೆಲಸ. ಹತ್ತಾರು ಕಪ್ಪು ಗೆದ್ದ ನಾಲಿಗೆಗೆ ದಿನಕ್ಕೆ ಒಂದೇ ವಾಕ್ಯ ಆಡುವ ಉದ್ಯೋಗ ಸಿಕ್ಕಿದರೆ ಉಳಿದ ಮಾತುಗಳೆಲ್ಲ ಎಲ್ಲಿಗೆ ಹೋಗಬೇಕು? ಅವು ಕುಶಾಲಪ್ಪನ ಕಿವಿಗೆ ಹೋಗುತ್ತಿದ್ದವು. ಕುಶಾಲಪ್ಪ ಬೆಳ್ಳಾರೆ ಕಡೆಯವ, ಹೈಸ್ಕೂಲಿನಿಂದ ನನ್ನ ಗೆಳೆಯ. ಪುತ್ತೂರಿನಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಗೋದಾಮಿನಲ್ಲಿ ಅವನಿಗೆ ಕೆಲಸ. ಅಡಿಕೆ ತೂಗಿ, ಗೋಣಿಗೆ ತುಂಬಿಸಿ, ಬಾಯಿ ಹೊಲಿದು ಲಾರಿಗೆ ಏರಿಸುವ ತನಕ ಎಲ್ಲ ಅವನ ಉಸ್ತುವಾರಿ. ನಾನು ಅರ್ಧ ಗಂಟೆ ಮಾತಾಡಿದ ಮೇಲೆ ಅವನು "ಅದು ಹೌದು, ಆದ್ರೆ ಆಗುದಿಲ್ಲ" ಎನ್ನುತ್ತಿದ್ದ. ಇಷ್ಟು ಸಣ್ಣ ಖಂಡನೆಯನ್ನು ಯಾವ ಎದುರಾಳಿಯೂ ನನ್ನೆದುರು ಇಟ್ಟದ್ದಿಲ್ಲ.

ನಾಲ್ಕು ವರ್ಷದ ಹಿಂದೆ ಅವನು ಒಂದು ಹಳೆಯ ಬೈಕು ಕೊಂಡಾಗಲೇ ನಾವು ನಿಶ್ಚಯಿಸಿದ್ದೆವು: ಇಬ್ಬರೂ ಕಡಬದ ಆಚೆ ಕುಮಾರಧಾರೆಯ ಮರಳ ದಂಡೆಗೆ ಹೋಗುವುದು, ಟರ್ಪಾಲು ಕಟ್ಟಿ ಒಂದು ರಾತ್ರಿ ಇದ್ದು ಮರುದಿನ ಬರುವುದು. ಅಷ್ಟೇ. ಇದಕ್ಕೆ ಐದು ಸಲ ವಾಯಿದೆ ಬಿತ್ತು. ಒಮ್ಮೆ ಮಳೆ, ಒಮ್ಮೆ ಬೈಕಿನ ಚೈನು, ಒಮ್ಮೆ ನಮ್ಮ ಹಿರಿಯ ವಕೀಲರ ಮೂಲವ್ಯಾಧಿ, ಒಮ್ಮೆ ಅಡಿಕೆಗೆ ರೇಟು ಏರಿ ಗೋದಾಮಿನಲ್ಲಿ ಯಾರಿಗೂ ರಜೆ ಇಲ್ಲ, ಒಮ್ಮೆ ಕಾರಣವೇ ಇಲ್ಲ. ಅಷ್ಟರಲ್ಲಿ ಕುಶಾಲಪ್ಪನಿಗೆ ಮದುವೆ ನಿಶ್ಚಯವಾಯಿತು, ಮುಂದಿನ ತಿಂಗಳು. ಮದುವೆಯಾದವರ ಬೈಕುಗಳನ್ನು ನಾನು ಕೋರ್ಟಿನ ಜಗಲಿಯಿಂದ ಗಮನಿಸಿದ್ದೇನೆ. ಮೊದಲ ವರ್ಷ ಹಿಂದಿನ ಸೀಟಿನಲ್ಲಿ ಹೆಂಡತಿ. ಎರಡನೆಯ ವರ್ಷ ಹೆಂಡತಿಯ ಮಡಿಲಲ್ಲಿ ಮಗು. ನಾಲ್ಕನೆಯ ವರ್ಷ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು, ಮಡಿಲಲ್ಲಿ ಇನ್ನೊಂದು. ಗೆಳೆಯನಿಗೆ ಉಳಿಯುವ ಜಾಗ ರಸ್ತೆಯ ಬದಿ, ಕೈ ಬೀಸುವುದಕ್ಕೆ. ಹಾಗಾಗಿ ಈ ಶನಿವಾರ ಹೋದರೆ ಹೋದ ಹಾಗೆ, ಇಲ್ಲದಿದ್ದರೆ ಇನ್ನಿಲ್ಲ ಎಂದು ನನ್ನ ಮನಸ್ಸು ತೀರ್ಪು ಕೊಟ್ಟಿತ್ತು. ಕುಶಾಲಪ್ಪನಿಗೆ ಇದನ್ನು ಹೇಳಲಿಲ್ಲ. ವಾದ ಮಾಡಲು ಬರುವವರಿಗೆ ಇಂಥದ್ದನ್ನು ಹೇಳಲು ಬರುವುದಿಲ್ಲ.

ಶನಿವಾರ ಬೆಳಗ್ಗೆ ಎಂಟಕ್ಕೆ ಹೊರಡುವುದೆಂದು ಮಾತು. ಹಿಂದಿನ ದಿನವೇ ನಾನು ಒಂದು ನಿಯಮ ಹಾಕಿದ್ದೆ. ಬೈಕಿಗೆ ಏರುವ ಪ್ರತಿ ಸಾಮಾನೂ ತನ್ನ ಅಗತ್ಯವನ್ನು ಸಾಬೀತು ಮಾಡಬೇಕು. ಅದಿಲ್ಲದೆ ಎರಡು ದಿನ ನಡೆಯುವುದಾದರೆ ಅದು ಮನೆಯಲ್ಲೇ ಇರಬೇಕು. ಕುಶಾಲಪ್ಪ "ಆಯ್ತು" ಎಂದ. ಬೆಳಗ್ಗೆ ಅವನು ಬೈಕು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದಾಗ ನಾನು ಜಗಲಿಯಲ್ಲಿ ಸಾಮಾನುಗಳನ್ನು ಸಾಕ್ಷಿಗಳ ಹಾಗೆ ನಿಲ್ಲಿಸಿಕೊಂಡು ಕೂತಿದ್ದೆ. ಟರ್ಪಾಲು ಪಾಸಾಯಿತು. ಹಗ್ಗ ಪಾಸಾಯಿತು. ಸೀಮೆಎಣ್ಣೆಯ ಪಂಪ್ ಸ್ಟವ್ವಿಗೆ ನಾನು ಆಕ್ಷೇಪ ಎತ್ತಿದೆ. ಹೊಳೆಬದಿಯಲ್ಲಿ ಸೌದೆ ಸಿಗುತ್ತದಲ್ಲ ಎಂದೆ. ಸೌದೆ ಒದ್ದೆ ಇದ್ದರೆ ಎಂದು ಕುಶಾಲಪ್ಪ. ಫೆಬ್ರವರಿಯಲ್ಲಿ ಒದ್ದೆ ಹೇಗಾಗುತ್ತದೆ ಎಂದು ನಾನು. ಹೊಳೆಬದಿಯಲ್ಲವಾ ಎಂದು ಅವನು. ಸ್ಟವ್ ಪಾಸಾಯಿತು.

ಆಮೇಲೆ ಅಮ್ಮ ಬಂದರು. ನನ್ನ ಅಮ್ಮ ಶಾಲೆಗೆ ಹೋದದ್ದು ನಾಲ್ಕು ವರ್ಷ, ಆದರೆ ಅವರ ತರ್ಕ ಸರಪಣಿಯ ಹಾಗೆ, ಒಂದು ಕೊಂಡಿ ಹಿಡಿದರೆ ಉಳಿದದ್ದೆಲ್ಲ ಹಿಂದೆ ಬರುತ್ತದೆ. ಮೊದಲು ಕುಚ್ಚಲಕ್ಕಿ ತಂದಿಟ್ಟರು. ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಗಂಜಿ ಅಂದ ಮೇಲೆ ಚಟ್ನಿ ಬೇಕು, ಚಟ್ನಿಗೆ ಒಣಮೀನು ಉಂಟು, ಒಣಮೀನಿಗೆ ತೆಂಗಿನಕಾಯಿ ಬೇಕು ಎಂದು ಎರಡು ಕಾಯಿ ತಂದರು. ಕಾಯಿ ಇದ್ದ ಮೇಲೆ ತುರಿಯದೆ ಹೇಗೆ? ಹೆರೆಮಣೆ ತಂದರು. ಮೂರು ಸೇರು ತೂಗುವ, ಮುಂದೆ ಕಬ್ಬಿಣದ ಹಲ್ಲು ಚಾಚಿಕೊಂಡ ಮರದ ಮಣೆಯನ್ನು ಕ್ಯಾಂಪಿಗೆ ಒಯ್ಯುವುದು ಲೋಕದಲ್ಲಿ ಎಲ್ಲಿಯೂ ಇಲ್ಲ ಎಂದೆ. ಲೋಕದವರು ತುರಿದ ಕಾಯಿಯನ್ನು ಒಯ್ಯುತ್ತಾರೋ ಏನೋ, ಅದು ಮಧ್ಯಾಹ್ನಕ್ಕೆ ಹಳಸುತ್ತದೆ ಎಂದರು ಅಮ್ಮ. ಕಾಯಿಯನ್ನೇ ಬಿಡೋಣ ಎಂದೆ. ಹಾಗಾದರೆ ಒಣಮೀನು ಎಂತಕ್ಕೆ ಎಂದು ಕೇಳಿದರು. ಈ ಹಂತದಲ್ಲಿ ಕುಶಾಲಪ್ಪ ಒಣಮೀನಿನ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಹೆರೆಮಣೆ ಪಾಸಾಯಿತು.

ಕತ್ತಿಯ ವಿಷಯದಲ್ಲಿ ಸ್ವಲ್ಪ ದೊಡ್ಡ ಗಲಾಟೆ ಆಯಿತು. ಹೊಳೆಬದಿಯಲ್ಲಿ ಗುಳಿಗನೆಂಬ ದೈವದ ಸಂಚಾರ ಉಂಟೆಂದೂ ಮಲಗುವಾಗ ತಲೆಯ ಹತ್ತಿರ ಕಬ್ಬಿಣ ಇರಬೇಕೆಂದೂ ಅಮ್ಮನ ಅಭಿಪ್ರಾಯ. ಗುಳಿಗನನ್ನು ಕಂಡವರು ಯಾರು, ಅವನಿಗೆ ಕಬ್ಬಿಣದ ಭಯ ಎಂದು ಅಳೆದವರು ಯಾರು, ಹಾಗಿದ್ದರೆ ಬೈಕಿನಲ್ಲಿ ಇರುವುದು ಕಬ್ಬಿಣವಲ್ಲದೆ ಏನು ಎಂದು ನಾನು ಕಾಲು ಗಂಟೆ ಮಾತಾಡಿದೆ. ನನ್ನ ಅತ್ಯುತ್ತಮ ಭಾಷಣಗಳಲ್ಲಿ ಅದೊಂದು. ಅಷ್ಟರಲ್ಲಿ ಕುಶಾಲಪ್ಪ ಕತ್ತಿಯನ್ನು ಗೋಣಿಯೊಳಗೆ ಇಳಿಸಿಯಾಗಿತ್ತು. ಸೌದೆ ಕಡಿಯಲಿಕ್ಕೆ, ಎಂದ. ಸ್ಟವ್ ಇರುವಾಗ ಸೌದೆ ಯಾಕೆ ಎಂದು ಕೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಗಂಟೆ ಹತ್ತೂವರೆ ಆಗಿತ್ತು.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ನನ್ನ ಸ್ವಂತ ಸಾಮಾನುಗಳ ವಿಚಾರಣೆಯನ್ನು ನಾನೇ ಮಾಡಿ ನಾನೇ ಮುಗಿಸಿದ್ದೆ. ಮೂರು ಪುಸ್ತಕ, ಒಂದು ಟ್ರಾನ್ಸಿಸ್ಟರು, ಒಂದು ಕೊಡೆ, ಎರಡು ಟಾರ್ಚು. ಎರಡನೆಯ ಟಾರ್ಚು ಮೊದಲನೆಯದರ ಮೇಲಿನ ಸಂದೇಹದಿಂದ. ಸಂದೇಹವಾದಿಯ ಚೀಲ ಭಕ್ತನ ಚೀಲಕ್ಕಿಂತ ಯಾವಾಗಲೂ ಭಾರ. ಭಕ್ತನಿಗೆ ಒಂದು ಪ್ರಸಾದದ ಪೊಟ್ಟಣ ಸಾಕು.

ಇನ್ನು ಕಟ್ಟುವ ಕೆಲಸ. ಇಲ್ಲಿ ನಾನು ಬಾಯಿ ಮುಚ್ಚಿ ನೋಡುತ್ತಾ ನಿಂತೆ, ಯಾಕೆಂದರೆ ನೋಡುವ ಹಾಗೆಯೇ ಇತ್ತು. ಕುಶಾಲಪ್ಪ ಅಂಗಿ ಬಿಚ್ಚಿಟ್ಟ. ಎರಡು ಗೋಣಿಗಳಿಗೆ ಸಾಮಾನು ಹಂಚಿ, ಒಂದೊಂದನ್ನೂ ಎತ್ತಿ ನೋಡಿ, ಇದರಿಂದ ಒಂದು ಕಾಯಿ ಅದಕ್ಕೆ, ಅದರಿಂದ ಒಂದು ಪುಸ್ತಕ ಇದಕ್ಕೆ ಎಂದು ತಕ್ಕಡಿಯ ಹಾಗೆ ಸಮ ಮಾಡಿದ. ಆಮೇಲೆ ಕಿಸೆಯಿಂದ ದಬ್ಬಣ ತೆಗೆದು, ಗೋಣಿ ದಾರ ಪೋಣಿಸಿ, ಬಾಯಿ ಹೊಲಿದ. ಒಂದು ಹೊಲಿಗೆಗೂ ಇನ್ನೊಂದಕ್ಕೂ ನೂಲಿನಷ್ಟು ವ್ಯತ್ಯಾಸವಿಲ್ಲ. ಎರಡು ಗೋಣಿಗಳ ನಡುವೆ ಟರ್ಪಾಲನ್ನು ಸುತ್ತಿ ಸೇರಿಸಿ ಹೊಲಿದು, ಇಡೀ ಹೊರೆಯನ್ನು ಕತ್ತೆಯ ಬೆನ್ನಿಗೆ ಹಾಕಿದ ಹಾಗೆ ಬೈಕಿನ ಹಿಂಭಾಗಕ್ಕೆ ಇಳಿಸಿ, ಹಗ್ಗ ಬಿಗಿದ. ಬೈಕನ್ನು ಅಲ್ಲಾಡಿಸಿ ನೋಡಿದ. ಬೈಕು ಅಲ್ಲಾಡಿತು, ಗೋಣಿ ಅಲ್ಲಾಡಲಿಲ್ಲ. ಅಮ್ಮ ಕೂಡ ಹೊರಗೆ ಬಂದು, ಮಗಾ ನಿನ್ನ ಕೈ ಚಿನ್ನದ್ದು ಎಂದರು. ನಾನು ಅದಕ್ಕೊಂದು ಪ್ರದಕ್ಷಿಣೆ ಹಾಕಿ, ಬೆರಳಿನಿಂದ ಕುಟ್ಟಿ ಪರೀಕ್ಷಿಸಿದೆ. ದೋಷ ಕಾಣಲಿಲ್ಲ. ಕುಶಾಲಪ್ಪ ಅಂಗಿ ಹಾಕಿ, ಬೈಕು ಏರಿ, ಸ್ಟಾರ್ಟ್ ಮಾಡಿ, "ಕೂತ್ಕೊ" ಎಂದ.

ಕೂತುಕೊಳ್ಳುವುದಕ್ಕೆ ಸೀಟು ಇರಲಿಲ್ಲ.

ಇದನ್ನು ನಮ್ಮ ಮೂವರಲ್ಲಿ ಯಾರೂ ಮೂರು ಗಂಟೆಯ ಕಾಲ ಗಮನಿಸಿರಲಿಲ್ಲ. ಒಬ್ಬ ವಕೀಲ, ಒಬ್ಬ ಗೋದಾಮಿನ ಮೇಸ್ತ್ರಿ, ಒಬ್ಬ ಗೃಹಿಣಿ. ಕುಶಾಲಪ್ಪ ಜೀವಮಾನದಲ್ಲಿ ತುಂಬಿಸಿದ್ದು ಲಾರಿ. ಲಾರಿಯಲ್ಲಿ ಸರಕಿನ ಹಿಂದೆ ಯಾರೂ ಕೂತುಕೊಳ್ಳುವುದಿಲ್ಲ. ನಾನು ಹೊರೆಯ ಮೇಲೆಯೇ ಹತ್ತಿ ಕೂತು ನೋಡಿದೆ. ಕಾಲು ಎಲ್ಲಿಯೂ ತಾಗಲಿಲ್ಲ, ಮುಂದಿನ ಚಕ್ರ ನೆಲ ಬಿಡುವ ಮನಸ್ಸು ಮಾಡಿತು, ಒಳಗಿನಿಂದ ಹೆರೆಮಣೆಯ ಹಲ್ಲು ತನ್ನ ಇರವನ್ನು ಸಾಬೀತು ಮಾಡಿತು. ಇಳಿದೆ. ಒಂದು ಗೋಣಿ ಬಿಚ್ಚಿ ಅರ್ಧ ಸಾಮಾನು ಬಿಡುವ ಎಂದೆ.

ಹೊಲಿದ ಗೋಣಿಯನ್ನು ಅದು ಹೋಗಿ ಮುಟ್ಟುವ ಜಾಗದಲ್ಲಿ ಅಲ್ಲದೆ ನಡುವೆ ಬಿಚ್ಚುವ ಕ್ರಮ ಇಲ್ಲ ಎಂದು ಕುಶಾಲಪ್ಪ ಹೇಳಿದ. ನಾನು ಕಾರಣ ಕೇಳಿದೆ. ನಡುವೆ ಬಿಚ್ಚಿದರೆ ಯಾರೋ ಸರಕು ತೆಗೆದರು, ಯಾರೋ ಬೆರೆಸಿದರು ಎಂದು ಸಂಶಯ ಬರುತ್ತದಂತೆ; ಅಲ್ಲಿ ಇಳಿಸಿಕೊಳ್ಳುವವನು ಮೊದಲು ಹೊಲಿಗೆಯನ್ನೇ ನೋಡುತ್ತಾನಂತೆ. ಅಲ್ಲಿ ಇಳಿಸಿಕೊಳ್ಳುವವರು ನಾವೇ, ನಮಗೆ ನಮ್ಮ ಮೇಲೆ ಎಂತ ಸಂಶಯ ಎಂದೆ. ಅವನು ಹೊಲಿಗೆಯ ಮೇಲೆ ಬೆರಳಾಡಿಸಿದ. "ನೀನು ಹೇಳುದು ಸರಿಯೇ. ಕೈ ಒಪ್ಪುದಿಲ್ಲ ಮಾರಾಯ" ಎಂದ.

ಬಾಯಿ ಒಪ್ಪದವರನ್ನು ಒಪ್ಪಿಸಲು ನನಗೆ ಬರುತ್ತದೆ. ಕೈ ಒಪ್ಪದವನ ಎದುರು ಎಂಥ ವಾದ ಹೂಡುವುದೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆದರೂ ಬಿಡದೆ, ಇಬ್ಬರು ಹೋಗುವ ಬೈಕಿನಲ್ಲಿ ಮನುಷ್ಯ ಮುಖ್ಯವೋ ಹೆರೆಮಣೆ ಮುಖ್ಯವೋ ಎಂದು ಕೇಳಿದೆ. ಕೇಳಬಾರದಿತ್ತು.

"ಸಿಟ್ಟು ಮಾಡ್ಬೇಡ, ನಿನ್ನ ನಿಯಮದಲ್ಲೇ ಕೇಳ್ತೇನೆ," ಎಂದ ಕುಶಾಲಪ್ಪ. "ಸ್ಟವ್ ಅಡಿಗೆ ಮಾಡ್ತದೆ. ಟರ್ಪಾಲು ತಲೆಯ ಮೇಲೆ ಮಾಡು ಆಗ್ತದೆ. ನಿನಗೆ ಬೈಕು ಬಿಡ್ಲಿಕ್ಕೆ ಬರುದಿಲ್ಲ, ಅಡಿಗೆ ಬರುದಿಲ್ಲ, ಗಂಟು ಹಾಕ್ಲಿಕ್ಕೂ ಬರುದಿಲ್ಲ. ನಿನ್ನದು ಅಲ್ಲಿ ಎಂತ ಉಂಟು?"

"ಮಾತು," ಎಂದೆ.

"ಮಾತಿಗೆ ಬಸ್ಸಿನಲ್ಲಿ ಜಾಗ ಉಂಟು."

ಅಮ್ಮ ಒಳಗೆ ಹೋದರು. ನಗುವುದಕ್ಕೆ ಹೋದರೆಂದು ನಾನು ಊಹಿಸಿದೆ. ಬರುವಾಗ ಕೈಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ ಇತ್ತು. ಒಡೆಯುವ ವಸ್ತು ಎಂದು ಕುಶಾಲಪ್ಪ ಅದನ್ನು ಬೈಕಿಗೆ ಸೇರಿಸಿರಲಿಲ್ಲ. ಹೇಗೂ ಬಸ್ಸಿನಲ್ಲಿ ಹೋಗುತ್ತೀಯಲ್ಲ ಎಂದು ನನ್ನ ಕೈಗೆ ಕೊಟ್ಟರು.

ಹೀಗೆ ಬೈಕು ಒಲ್ಲೆ ಎಂದ ನಾವಿಬ್ಬರು, ನಾನು ಮತ್ತು ಭರಣಿ, ಉಪ್ಪಿನಂಗಡಿಯ ತನಕ ನಿಂತುಕೊಂಡೂ ಅಲ್ಲಿಂದ ಕಡಬದ ತನಕ ಒಂದೇ ಕಾಲಿನಲ್ಲಿ ನಿಂತುಕೊಂಡೂ ಪ್ರಯಾಣ ಮಾಡಿದೆವು. ಆಚೆ ಸೀಟಿನ ಅಜ್ಜಿಯೊಬ್ಬರು ಭರಣಿಯನ್ನು ನೋಡಿ ಪಾಪ ಎನ್ನಿಸಿ, ಅದನ್ನು ಇಸಿದುಕೊಂಡು ಮಡಿಲಲ್ಲಿ ಕೂರಿಸಿಕೊಂಡರು. ನನ್ನನ್ನು ಯಾರೂ ಇಸಿದುಕೊಳ್ಳಲಿಲ್ಲ. ದಾರಿಯಲ್ಲೆಲ್ಲೋ ಕುಶಾಲಪ್ಪನ ಬೈಕು ನಮ್ಮ ಬಸ್ಸನ್ನು ದಾಟಿ ಹೋಯಿತು. ಅವನು ನನ್ನನ್ನು ನೋಡಲಿಲ್ಲ. ನಾನು ಅವನ ಹಿಂದಿನ ಗೋಣಿಗಳನ್ನು ನೋಡಿದೆ. ಎಷ್ಟು ಆರಾಮವಾಗಿ ಕೂತಿದ್ದವು.

ಕಡಬದಲ್ಲಿ ಇಳಿದು ಎರಡು ಮೈಲು ನಡೆದು ಹೊಳೆಗೆ ಮುಟ್ಟುವಾಗ ಸಂಜೆ ನಾಲ್ಕು. ಕುಶಾಲಪ್ಪ ಗೋಣಿಗಳನ್ನು ಬಿಚ್ಚದೆ ಮರಳಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ. ಇಳಿಸಿಕೊಳ್ಳುವವನು ಬಂದು ಹೊಲಿಗೆ ನೋಡಬೇಕಲ್ಲ. ನಾನು ಗಂಭೀರವಾಗಿ ಬಗ್ಗಿ ನೋಡಿ, ಸರಿಯಾಗಿದೆ ಎಂದ ಮೇಲೆ ದಾರ ಎಳೆದ. ಅವನ ಮುಖದಲ್ಲಿ ಆಗ ಬಂದ ತೃಪ್ತಿಯನ್ನು ನಾನು ಯಾವ ತೀರ್ಪುಗಾರರ ಮುಖದಲ್ಲೂ ಕಂಡದ್ದಿಲ್ಲ. ಟರ್ಪಾಲು ಕಟ್ಟಿದೆವು, ಅಂದರೆ ಅವನು ಕಟ್ಟಿದ, ನಾನು ಒಂದು ಮೂಲೆ ಹಿಡಿದು ಮೆಚ್ಚಿದೆ. ಸ್ಟವ್ವಿನ ತೂತು ಬಿಡಿಸುವ ಪಿನ್ನು ಮನೆಯಲ್ಲೇ ಉಳಿದಿತ್ತು, ಹಾಗಾಗಿ ಸೌದೆ, ಹಾಗಾಗಿ ಕತ್ತಿ. ನಾನು ಮಣೆಯ ಮೇಲೆ ಕೂತು ಕಾಯಿ ತುರಿದೆ. ಇಡೀ ಸಾಮಾನಿನಲ್ಲಿ ಕೂತುಕೊಳ್ಳಲು ಬರುವ ವಸ್ತು ಅದೊಂದೇ ಇತ್ತು. ಗಂಜಿ, ಒಣಮೀನಿನ ಚಟ್ನಿ, ಅಜ್ಜಿಯ ಮಡಿಲಿನಿಂದ ಬಂದ ಮಿಡಿ. ಪುಸ್ತಕ ತೆರೆಯಲಿಲ್ಲ. ಈ ರಾತ್ರಿಗೆಂದು ನಾಲ್ಕು ವರ್ಷ ಕೂಡಿಟ್ಟ ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ. ಕತ್ತಲಾಗುವ ಮುಂಚೆಯೇ ಇಬ್ಬರಿಗೂ ನಿದ್ದೆ ಬಂದಿತ್ತು.

ಬೆಳಗ್ಗೆ ಎದ್ದು ಹೊಳೆಯಲ್ಲಿ ಮುಳುಗಿ ಬರುವಷ್ಟರಲ್ಲಿ ಕುಶಾಲಪ್ಪ ದಬ್ಬಣ ತೆಗೆದಾಗಿತ್ತು. ಕಟ್ಟಲಿಕ್ಕೆ ಮೂರು ಗಂಟೆ ಬೇಕು, ಈಗ ಸುರುಮಾಡಿದರೆ ಮಧ್ಯಾಹ್ನಕ್ಕೆ ಹೊರಡಬಹುದು ಎಂದ. ನಾನು ಒಳಗೊಳಗೆ ಆಸೆಯಿಂದ ನೋಡುತ್ತಿದ್ದೆ. ಅಕ್ಕಿ ಮುಗಿದಿತ್ತು, ಕಾಯಿ ಮುಗಿದಿತ್ತು, ಸೀಮೆಎಣ್ಣೆ ಹಾಗೆಯೇ ಇದ್ದರೂ ಹೊರೆ ಸಣ್ಣದಾಗಲೇಬೇಕು. ಆದರೆ ಎಡಗಡೆಯ ಗೋಣಿ ಬಲದ್ದಕ್ಕಿಂತ ಹಗುರವಾಯಿತೆಂದು ಅವನು ಹೊಳೆಯಿಂದ ಎರಡು ದೊಡ್ಡ ಕಲ್ಲು ಆರಿಸಿ ತಂದು ಹಾಕಿದ. ತೂಕ ಸಮವಾಯಿತು. ಬಾಯಿ ಹೊಲಿದ. ಕುಮಾರಧಾರೆಯ ಕಲ್ಲುಗಳು ಬೈಕಿನಲ್ಲಿ ಪುತ್ತೂರಿಗೆ ಹೋಗುವುದೆಂದು ತೀರ್ಮಾನವಾಯಿತು.

ಆಗ ನನಗೆ ಏನಾಯಿತೋ, ಇಷ್ಟು ದಿನ ಹೇಳದೆ ಇಟ್ಟದ್ದು ಬಾಯಿಗೆ ಬಂತು. ಮದುವೆಯಾದ ಮೇಲೆ ಇದೆಲ್ಲ ಇನ್ನಾಗುವುದಿಲ್ಲ ಅಲ್ಲವಾ ಎಂದೆ. ಪೀಠಿಕೆ ಇಲ್ಲ, ಆಧಾರ ಇಲ್ಲ, ಬಹಳ ದುರ್ಬಲವಾದ ಮಂಡನೆ.

ಕುಶಾಲಪ್ಪ ದಾರವನ್ನು ಹಲ್ಲಿನಲ್ಲಿ ಕಡಿದು, ನನ್ನನ್ನು ನೋಡದೆ ಹೇಳಿದ: "ಎಂತಕ್ಕೆ ಆಗುದಿಲ್ಲ? ಮುಂದಿನ ಸಲ ಅವಳನ್ನೂ ಕರ್ಕೊಂಡು ಬರುವ. ಅವಳು ಬೈಕಿನಲ್ಲಿ ಕೂತ್ಕೊಳ್ತಾಳೆ. ಗೋಣಿ ನೀನು ಬಸ್ಸಿನಲ್ಲಿ ತಾ."

ಇದಕ್ಕೆ ಖಂಡನೆ ಇಲ್ಲ ಎಂದಲ್ಲ. ನಿಂತಲ್ಲೇ ಮೂರು ಹೊಳೆದಿದ್ದವು, ಮೂರೂ ಗಟ್ಟಿ. ಆದರೆ ಮುಂದಿನ ಸಲ ಎಂದು ಅವನು ಅಷ್ಟು ಸಲೀಸಾಗಿ ಹೇಳಿದ ಮೇಲೆ ಅವುಗಳಲ್ಲಿ ಒಂದನ್ನೂ ಆಡುವ ಮನಸ್ಸಾಗಲಿಲ್ಲ. ಎರಡು ಗೋಣಿ ಹಿಡಿದುಕೊಂಡು ಹತ್ತಿದರೆ ಕಂಡಕ್ಟರು ಲಗೇಜು ಟಿಕೆಟು ಕೇಳುವುದಿಲ್ಲವಾ ಎಂದು ಮಾತ್ರ ಕೇಳಿದೆ.

"ನೀನು ಬಾಯಿ ತೆರೆಯದಿದ್ರೆ ಕೇಳುದಿಲ್ಲ," ಎಂದ ಕುಶಾಲಪ್ಪ.