ಬಿ.ಪಿ. ಮಾವನ ಸಮ್ಮೇಳನ

ನಮ್ಮ ನೆಂಟರಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ ಮೊದಲು ಏಳುವ ಪ್ರಶ್ನೆ ಛತ್ರ ಯಾವುದು, ಅಡುಗೆಯವರು ಯಾರು ಎಂಬುದಲ್ಲ. "ಚಿಂತಾಮಣಿ ಮಾವನಿಗೆ ಹೇಳಲೇಬೇಕಾ?" ಎಂಬುದು. ಹಾಗೆಂದು ಅವರು ಕುಡಿದು ರಂಪ ಮಾಡುವವರಲ್ಲ, ಇಸ್ಪೀಟಿಗೆ ಕೂರುವವರಲ್ಲ, ಮುಯ್ಯಿ ಹಾಕದೆ ಉಂಡು ಹೋಗುವವರೂ ಅಲ್ಲ. ಅವರು ಡಾಕ್ಟರು, ಅಷ್ಟೆ. ರಕ್ತದೊತ್ತಡ ನೋಡುವ ಯಂತ್ರವನ್ನು ಹೆಗಲಿಗೆ ಹಾಕಿಕೊಳ್ಳದೆ ಅವರು ಹೊಸ್ತಿಲು ದಾಟುವುದಿಲ್ಲ.

ಅವರು ನನ್ನ ತಾಯಿಯ ಅಣ್ಣ. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹತ್ತಿರ ಬಿತ್ತನೆ ಬೀಜದ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕ್ಲಿನಿಕ್. ಅದರ ಹಿಂದಿನ ಕೋಣೆಯಲ್ಲಿ ಅವರ ಸಂಸಾರ. ಸಂಸಾರವೆಂದರೆ ಅವರೊಬ್ಬರೇ. ವಯಸ್ಸಿನಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ಬಿ.ಪಿ. ಪರೀಕ್ಷಿಸಿದರು, ಅದಕ್ಕೇ ಸಂಬಂಧ ತಪ್ಪಿತು ಎಂದು ನೆಂಟರು ಹೇಳುವುದುಂಟು. ಅದು ಶುದ್ಧ ಸುಳ್ಳು. ಅವರು ಪರೀಕ್ಷಿಸಿದ್ದು ಹುಡುಗಿಯ ಅಪ್ಪನದನ್ನು. ಅದು ವಿಪರೀತ ಏರಿತ್ತು, ಮಾವ ಎಲ್ಲರೆದುರೇ ಹೇಳಿಬಿಟ್ಟರು. ಶುಭಕಾರ್ಯದಲ್ಲಿ ಅಪಶಕುನ ನುಡಿದ ಗಂಡು ಬೇಡವೆಂದರು ಹುಡುಗಿಯ ಕಡೆಯವರು. ಆದರೆ ಆ ತಂದೆ ಬದುಕಿರುವವರೆಗೂ ಮಾತ್ರೆ ಬರೆಸಿಕೊಳ್ಳಲು ಬರುತ್ತಿದ್ದದ್ದು ಮಾವನ ಹತ್ತಿರವೇ. ಮಗಳನ್ನು ಕೊಡದಿದ್ದರೂ ತೋಳನ್ನಂತೂ ಕೊಟ್ಟರು.

ಗೌರಿಬಿದನೂರಿನಲ್ಲಿ ನನ್ನ ತಮ್ಮನ ಮದುವೆ. ಧಾರೆಗೆ ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ ಮಾವ ನಮ್ಮ ಬೀಗರ ಮುಖ ಕೆಂಪಾಗಿದ್ದನ್ನು ಕಂಡರು. ಅಲ್ಲಿಗೆ ಮುಗಿಯಿತು.

"ಬೀಗರೆ, ಹಿಂಗೆ ಬನ್ನಿ. ಕುರ್ಚಿಗೆ ಒರಗಿ ಕೂತ್ಕೊಳ್ಳಿ. ಕಾಲು ನೆಲಕ್ಕೆ ಊರಿ. ಐದು ನಿಮಿಷ ಮಾತಾಡ್ಬಾರ್ದು."

"ಅಯ್ಯೋ, ಧಾರೆ ಎರೀಬೇಕು ಸ್ವಾಮಿ."

"ಮಾತಾಡಿದ್ರಿ. ಮತ್ತೆ ಮೊದಲಿಂದ ಐದು ನಿಮಿಷ."

ವಾಲಗದವರನ್ನೂ ಸುಮ್ಮನಾಗಿಸಿದರು. ಪುರೋಹಿತರು ಗಡಿಯಾರ ನೋಡಿದರು, ನನ್ನ ತಮ್ಮ ನನ್ನನ್ನು ನೋಡಿದ. ಕೊನೆಗೆ ಮಾವ ತೋಳಿನ ಪಟ್ಟಿ ಬಿಚ್ಚುತ್ತ, "ಜಾಸ್ತಿ ಇದೆ. ಯಾವಾಗಿಂದ?" ಎಂದರು.

ಬೀಗರು ತಣ್ಣಗೆ ಹೇಳಿದರು: "ನೀವು ಛತ್ರದೊಳಕ್ಕೆ ಕಾಲಿಟ್ಟಾಗ್ಲಿಂದ."

ಮಂಡಿಕಲ್ಲಿನಲ್ಲಿ ಚಿಕ್ಕಮಾವನ ಜೊತೆ ಇರುವ ನಮ್ಮ ಅಜ್ಜಿಗೂ, ಅಂದರೆ ಇವರ ಹೆತ್ತ ತಾಯಿಗೂ ರಿಯಾಯಿತಿ ಇಲ್ಲ. ಒಮ್ಮೆ ಮುದ್ದೆ ಊಟಕ್ಕೆ ಕೂತು ಮಾವ ಉಪ್ಪಿನ ಮೇಲೆ ಉಪನ್ಯಾಸ ಶುರು ಮಾಡಿದಾಗ ಅಜ್ಜಿ ಸೌಟು ಕೆಳಗಿಟ್ಟು ಕೇಳಿದರು, "ಉಪ್ಸಾರಿಗೆ ಉಪ್ಪು ಹಾಕ್ಬೇಡ ಅಂತೀಯಲ್ಲಪ್ಪ, ಆಮೇಲೆ ಅದನ್ನ ಏನಂತ ಕರೀಲಿ?"

ಇಂಥವರಿಗೆ ನೆಂಟರ ಮನೆಗಳ ಬಾಗಿಲು ಒಂದೊಂದಾಗಿ ಅರೆ ಮುಚ್ಚಿಕೊಂಡಿದ್ದರಲ್ಲಿ ಆಶ್ಚರ್ಯವೇನು? ಮಾವ ಮಾತ್ರ ಬೇಸರ ತೋರಿಸಿದವರಲ್ಲ. ಅವರಿಗೆ ಬೇರೆಯೇ ಒಂದು ಬಳಗವಿತ್ತು. ರಕ್ತದೊತ್ತಡಕ್ಕೆಂದೇ ಇರುವ ವೈದ್ಯರ ರಾಷ್ಟ್ರೀಯ ಸಂಘಕ್ಕೆ ಅವರು ಆಜೀವ ಸದಸ್ಯರು. ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಕ್ಲಿನಿಕ್ಕಿನಲ್ಲಿ ದೇವರ ಪಟ ಇರಬೇಕಾದ ಜಾಗದಲ್ಲಿ ತೂಗುಹಾಕಿದ್ದರು. ಕಸ ಗುಡಿಸಲು ಬರುವ ಆಕೆ ಶುಕ್ರವಾರ ಅದಕ್ಕೂ ಕುಂಕುಮ ಇಟ್ಟು ಹೂ ಮುಡಿಸುತ್ತಿದ್ದಳು. ವರ್ಷಕ್ಕೊಮ್ಮೆ ಸಂಘದ ಸಮ್ಮೇಳನ. ಯಾವ ದೂರದ ಊರಾದರೂ ರೈಲು ಹತ್ತಿ ಹೋಗಿ, ಬಂದ ಮೇಲೆ ನಮಗೆಲ್ಲ ಫೋನ್ ಮಾಡಿ, "ಎಲ್ರೂ ಸಿಕ್ಕಿದ್ರು ಕಣಮ್ಮ. ಬಿಡೋದೇ ಇಲ್ಲ ಅಂತಾರೆ. ನಮ್ ಫ್ರೆಂಡ್ಸ್ ಅಂದ್ರೆ ಹಂಗೆ" ಎನ್ನುತ್ತಿದ್ದರು. ನಾವೂ ನಂಬಿದ್ದೆವು.

ಈ ಸಲದ ಸಮ್ಮೇಳನ ಬೆಂಗಳೂರಿನಲ್ಲೇ. ಅದರಲ್ಲೂ ಮೊದಲ ಬಾರಿಗೆ ಮಾವನಿಗೆ ಮಾತಾಡುವ ಅವಕಾಶ. ನಮ್ಮ ಕಡೆಯ ಊಟದಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳೊಳಗೆ ಅಡಗಿ ಕೂತಿರುವ ಉಪ್ಪು ಅವರ ವಿಷಯ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ನನಗೆ ಅಲ್ಲೇನು ಕೆಲಸ? ಆದರೂ, "ಭಾನುವಾರ ತಾನೇ, ಬಾಮ್ಮ. ನಮ್ಮೋರನ್ನೆಲ್ಲ ಪರಿಚಯ ಮಾಡಿಸ್ತೀನಿ" ಎಂದು ಕರೆದರು. ಓದು ಮುಗಿಸಿದ ಕಾಲದಲ್ಲಿ ಹೊಲಿಸಿದ್ದ ಕೋಟು ತೊಟ್ಟಿದ್ದರು. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತದೆಂದು ಬಿಚ್ಚಿಯೇ ಬಿಟ್ಟಿದ್ದರು.

ದೊಡ್ಡ ಹೋಟೆಲು. ಎಲ್ಲೆಲ್ಲೂ ಡಾಕ್ಟರುಗಳು, ಗುಂಪು ಗುಂಪಾಗಿ ನಗುತ್ತ ನಿಂತಿದ್ದರು. ಮಾವ ನನ್ನನ್ನು ಒಂದೊಂದೇ ಗುಂಪಿನ ಹತ್ತಿರ ಕರೆದೊಯ್ದು, "ನನ್ನ ಸೋದರ ಸೊಸೆ" ಎಂದು ಪರಿಚಯಿಸಿದರು. ಎಲ್ಲರೂ ಒಳ್ಳೆಯವರೇ. ಮಾವನ ಎದೆಯ ಮೇಲಿದ್ದ ಚೀಟಿಯನ್ನು ಮೊದಲು ಓದಿಕೊಂಡು, ಆಮೇಲೆ ಹೆಸರು ಹಿಡಿದು ಮಾತಾಡಿಸಿ, ಕೈ ಕುಲುಕಿ, ಮತ್ತೆ ತಮ್ಮ ಗುಂಪಿನತ್ತ ತಿರುಗುತ್ತಿದ್ದರು. ಒಬ್ಬರು, "ಯಾವ ಆಸ್ಪತ್ರೆ ನಿಮ್ಮದು?" ಎಂದರು. "ಚಿಂತಾಮಣಿ," ಎಂದರು ಮಾವ, ಅದೇ ಉತ್ತರವೆಂಬಂತೆ. ಹೀಗೆ ನಾಲ್ಕಾರು ಗುಂಪು ಸುತ್ತಿದ ಮೇಲೆ ನನಗೆ ಗೊತ್ತಾಯಿತು: ಅಲ್ಲಿ ಮಾವನಿಗೆ ಎಲ್ಲರೂ ಗೊತ್ತು, ಮಾವ ಯಾರಿಗೂ ಗೊತ್ತಿಲ್ಲ. ನಾನು ಗೋಡೆಯ ಮೇಲಿನ ಚಿತ್ರ ನೋಡುವಂತೆ ನಟಿಸಿದೆ.

ಊಟದ ಮೇಜಿನ ಮೇಲೆ ಬಗೆಬಗೆಯ ಉಪ್ಪಿನಕಾಯಿಗಳಿದ್ದವು. ಮಾವ ಬಡಿಸುವವನನ್ನು ತಡೆದು, "ಇದನ್ನ ಯಾರಪ್ಪ ಇಡಕ್ಕೆ ಹೇಳಿದ್ದು?" ಎಂದರು.

"ಡಾಕ್ಟ್ರುಗಳೇ ಕೇಳಿ ಹಾಕಿಸ್ಕೊತಾರೆ ಸಾರ್. ನಿಮಗೂ ಹಾಕ್ಲಾ?"

ಮಾವ ತಟ್ಟೆ ಹಿಡಿದುಕೊಂಡು ಜಾಗ ಹುಡುಕಿದರು. ಎಲ್ಲ ಮೇಜುಗಳಲ್ಲೂ ಜನ ಒತ್ತಾಗಿ ಕೂತು ಹರಟುತ್ತಿದ್ದರು. ನಾವಿಬ್ಬರೂ ಕಿಟಕಿಯ ಪಕ್ಕ ನಿಂತೇ ಉಂಡೆವು.

ಮಾವನ ಭಾಷಣ ಊಟದ ನಂತರ, ಅದೂ ಕೊನೆಯ ದಿನ. ಹೊರಗೆ ವಿಮಾನ ನಿಲ್ದಾಣಕ್ಕೆ ಹೊರಡುವ ಕಾರುಗಳು ಬಂದು ನಿಲ್ಲುತ್ತಿದ್ದವು. ಒಳಗೆ ಸಾಲು ಸಾಲು ಖಾಲಿ ಕುರ್ಚಿ. ವೇದಿಕೆಯ ಮೇಲೆ ಅಧ್ಯಕ್ಷರು, ಮೂಲೆಯಲ್ಲಿ ಮೈಕಿನವರು, ನಡುವೆ ನಾನು. ಮಾವ ಒಂದು ಗಳಿಗೆ ಬಾಗಿಲ ಕಡೆ ನೋಡಿದರು. ಮತ್ತೆ ಕನ್ನಡಕ ಏರಿಸಿ, ಸಭೆ ತುಂಬಿದೆಯೇನೋ ಎಂಬಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಇಂಗ್ಲಿಷಿನಲ್ಲಿ ಶುರು ಮಾಡಿದರು. ಒಂದು ಮಾತನ್ನೂ ಬಿಡಲಿಲ್ಲ. ನಗಬೇಕಾದ ಕಡೆ ನಿಲ್ಲಿಸಿದರು. ನಾನು ನಕ್ಕೆ. ಅಷ್ಟು ದೊಡ್ಡ ಕೋಣೆಯಲ್ಲಿ ಒಬ್ಬಳ ನಗು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ!

ಮುಗಿದಾಗ ಅಧ್ಯಕ್ಷರು, "ಪ್ರಶ್ನೆಗಳೇನಾದರೂ?" ಎಂದು ಪದ್ಧತಿಯಂತೆ ಕೇಳಿ, ಉತ್ತರಕ್ಕೆ ಕಾಯದೆ ಕಾಗದ ಜೋಡಿಸತೊಡಗಿದರು. ಮೈಕಿನವರು ಆಗಲೇ ತಂತಿ ಸುತ್ತುತ್ತಿದ್ದರು. ಮಾವ ಮಾತ್ರ ಕದಲದೆ ನಿಂತಿದ್ದರು. ಅವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯದು.

"ಸರ್, ಹಪ್ಪಳ ಕರಿಯದೆ ಸುಟ್ಟು ತಿಂದರೆ ಪರವಾಗಿಲ್ಲವೇ?"

ಅಧ್ಯಕ್ಷರು ತಲೆ ಎತ್ತಿದರು. ಮಾವ ನನ್ನನ್ನು ನೋಡಿದರು. ಆ ಮುಖದಲ್ಲಿ ನಾನು ಸೋದರ ಸೊಸೆಯೆಂಬ ಗುರುತೇ ಇರಲಿಲ್ಲ.

"ಥ್ಯಾಂಕ್ಯೂ ಮೇಡಂ. ಬಹಳ ಒಳ್ಳೆಯ ಪ್ರಶ್ನೆ," ಎಂದರು. ಸುಟ್ಟರೆ ಎಣ್ಣೆ ತಪ್ಪುತ್ತದೆಯೇ ಹೊರತು ಹಿಟ್ಟಿನಲ್ಲಿ ಕಲಸಿದ ಉಪ್ಪು ಎಲ್ಲಿಗೂ ಹೋಗುವುದಿಲ್ಲವೆಂದು, ಬಾಯಿಗೆ ಗೊತ್ತಾಗದ್ದು ರಕ್ತಕ್ಕೆ ಗೊತ್ತಾಗುತ್ತದೆಂದು, ಹಿಟ್ಟಿಗೆ ಸೇರಿಸುವ ಸೋಡಾದಂಥ ಹಪ್ಪಳಖಾರದಲ್ಲೂ ಉಪ್ಪಿನಲ್ಲಿರುವ ಸೋಡಿಯಮ್ಮೇ ಇದೆಯೆಂದು ವಿವರವಾಗಿ ಹೇಳಿದರು. ಮೈಕಿನವರು ತಂತಿ ಸುತ್ತುವುದನ್ನು ನಿಲ್ಲಿಸಿ ಕಾದರು. ನಾನು ವಿನಯದಿಂದ, "ಧನ್ಯವಾದ ಸರ್" ಎಂದು ಕೂತೆ.

ಊರಿಗೆ ವಾಪಸ್ಸು ಹೋಗುವ ಬಸ್ಸು ಹೊಸಕೋಟೆ ದಾಟಿತು. ಆಗ ಮಾವನಿಗೆ ಅಜ್ಜಿಯ ಫೋನ್ ಬಂತು. ಅವರಿಗೆ ಕಿವಿ ಮಂದ, ತಮಗೆ ಕೇಳಿಸುವಷ್ಟು ಜೋರಾಗಿಯೇ ಮಾತಾಡುತ್ತಾರೆ. ಒಂದೊಂದು ಮಾತೂ ನನಗೆ ಕೇಳುತ್ತಿತ್ತು.

"ಭಾಷಣ ಹೆಂಗಾಯ್ತಪ್ಪ? ಜನ ಬಂದಿದ್ರಾ?"

"ಬಂದಿದ್ರಮ್ಮ. ಚೆನ್ನಾಗಾಯ್ತು."

"ನೀನು ಹೇಳಿದ್ದು ಯಾರ್ಗಾನ ಅರ್ಥ ಆಯ್ತಾ?"

"ಆಯ್ತಮ್ಮ. ಪ್ರಶ್ನೆ ಕೂಡ ಕೇಳಿದ್ರು. ಒಬ್ರು ಮೇಡಮ್ಮು. ತಿಳ್ಕೊಂಡೋರು."

"ಯಾವೂರೋರಂತೆ?"

ಮಾವ ಫೋನನ್ನು ಕಿವಿಯಿಂದ ತುಸು ಸರಿಸಿ ನನ್ನ ಕಡೆ ತಿರುಗಿದರು. ಬೆಳಗಿನಿಂದ ಮೊದಲ ಸಲ ಅವರ ಕಣ್ಣು ಎಲ್ಲಿಗೂ ಓಡದೆ ಒಂದೇ ಕಡೆ ನಿಂತಿತು.

"ನಮ್ಮೋರೇ ಅಮ್ಮ," ಎಂದರು.