ಶಾಂತಮೂರ್ತಿ ಆಂಜಿನಮ್ಮ

ಎಂಬತ್ತೆರಡನೇ ಇಸವಿಯಲ್ಲಿ ತಾಯಲೂರಿನ ಶಾಲೆಗೆ ಬೆಂಗಳೂರಿನಿಂದ ಡಾಕ್ಟರಮ್ಮ ಬರುತ್ತಾರೆಂಬ ಸುದ್ದಿಯೇ ಗಂಗುಲಪ್ಪನ ಪಜೀತಿಗೆ ಮೂಲ. ಕೂತಲ್ಲಿ ಕೂರದ ಮಕ್ಕಳನ್ನು ಯಂತ್ರದಿಂದ ಪರೀಕ್ಷಿಸಿ ಔಷಧಿ ಕೊಡುತ್ತಾರಂತೆ. ಅವನ ಮಗಳು ಆಂಜಿನಮ್ಮನೋ, ಒಗ್ಗರಣೆಗೆ ಬಿದ್ದ ಸಾಸಿವೆ.

"ಮೊನ್ನೆ ಪಾಠದ ಮಧ್ಯ ಕಿಟಕಿಯಿಂದ ಹಾರ್‍ಹೋದ್ಲಪ್ಪ ನಿನ್ನ ಮಗಳು," ಎಂದಿದ್ದರು ಹೆಡ್‌ಮಾಸ್ಟರ್ ಅಶ್ವತ್ಥಪ್ಪ. "ಡಾಕ್ಟ್ರು ಔಷಧಿ ಕೊಟ್ರೆ ಸರಿ. ಇಲ್ದಿದ್ರೆ ಮಾರನೇ ದಿನದಿಂದ ಕಳಿಸ್ಬೇಡ."

ಮಗಳು ನಾಲ್ಕಕ್ಷರ ಕಲಿಯಲಿ ಎಂಬುದೊಂದೇ ಗಂಗುಲಪ್ಪನ ಆಸೆ.

ಆ ಬೆಳಿಗ್ಗೆ ಅವನು ರೇಷ್ಮೆಹುಳಕ್ಕೆ ಸೊಪ್ಪು ತರಲು ಹೋಗಿದ್ದಾಗ, ಪಕ್ಕದ ಮನೆಯ ಶಾಮಲಮ್ಮ ಯೋಚಿಸಿದಳು: ಬೆಂಗಳೂರಿನವರ ಮುಂದೆ ಈ ಹುಡುಗಿ ಕುಣಿದರೆ ಬೀದಿಯ ಮಾನ ಏನಾದೀತು? ಕರೆದು, ಒಂದು ಲೋಟ ಗಸಗಸೆ ಪಾಯಸ ಕುಡಿಸಿದಳು. ಎದುರು ಮನೆಯ ದೊಡ್ಡಗಂಗಮ್ಮನಿಗೂ ಅದೇ ಯೋಚನೆ ಬಂದಿತ್ತು. ಅವಳದು ಎರಡು ಲೋಟ.

ಸೊಪ್ಪು ತಂದುಹಾಕಿ ಗಂಗುಲಪ್ಪ ಮಗಳನ್ನು ಕರೆದುಕೊಂಡು ಹೊರಟರೆ, ಶಾಲೆಯ ಹಾದಿಯಲ್ಲೇ ಮಗು ತೂಗಾಡತೊಡಗಿತು.

"ಏನಾಯ್ತು ಇವಳಿಗೆ?"

"ಏನಿಲ್ಲ ಗಂಗುಲಣ್ಣ," ಎಂದಳು ಜೊತೆಗೇ ಹೊರಟಿದ್ದ ಶಾಮಲಮ್ಮ. "ಒಂದ್ಲೋಟ ಗಸಗಸೆ ಪಾಯಸ ಕೊಟ್ಟೆ. ತೆಪ್ಪಗಿರ್ತಾಳೆ."

"ನೀನೂ ಕೊಟ್ಯೇನೇ?" ಎಂದಳು ದೊಡ್ಡಗಂಗಮ್ಮ.

"ಅಯ್ಯೋ ತಾಯಂದ್ರಾ, ಕುಣಿದ್ರೆ ತಾನೇ ಔಷಧಿ ಕೊಡೋದು?"

ಗಂಗುಲಪ್ಪ ಮಗಳ ಮುಖಕ್ಕೆ ನೀರು ಚಿಮುಕಿಸಿದ, ಕಚಗುಳಿಯಿಟ್ಟ. ಅವಳು ದೇವರ ಪಟದ ಹಾಗೆ ನಸುನಕ್ಕಳು.

ಶಾಲೆಯಲ್ಲಿ ಡಾಕ್ಟರಮ್ಮ ಅವಳ ಬೆರಳಿಗೆ ಯಂತ್ರದ ತಂತಿ ಸುತ್ತಿದರು. ಕೆಂಪು ದೀಪ ಹತ್ತಿದರೆ ಗುಂಡಿ ಒತ್ತಬೇಕು, ಹಸಿರಿಗೆ ಒತ್ತಬಾರದು. ಬೇರೆ ಮಕ್ಕಳ ಕೈಯಲ್ಲಿ ಯಂತ್ರದ ಮುಳ್ಳು ಕೋಲಾರದ ಬೆಟ್ಟಸಾಲನ್ನೇ ಗೀಚಿತ್ತು. ಆಂಜಿನಮ್ಮನ ಗೆರೆ ಗಾಳಿಯಿಲ್ಲದ ಕೆರೆಯ ನೀರಿನಂತಿತ್ತು. ಕೆಂಪಿಗೆ ನಿಧಾನವಾಗಿ ಒತ್ತಿದಳು. ಹಸಿರಿಗೆ ಒಮ್ಮೆಯೂ ಇಲ್ಲ.

"ಇವಳಿಗ್ಯಾಕಪ್ಪ ಔಷಧಿ? ಸ್ವಲ್ಪವೂ ಆತುರ ಇಲ್ಲ."

"ದಿನಾ ಹಿಂಗಿರಲ್ಲಮ್ಮ, ಇವತ್ತು ಪಾಯಸ..."

"ಇವನ ಮಾತು ಕೇಳ್ಬೇಡಿ ತಾಯಿ, ಬಂಗಾರದಂಥ ಮಗು," ಎಂದು ಹೆಂಗಸರಿಬ್ಬರೂ ಅವನ ಬಾಯಿ ಮುಚ್ಚಿಸಿದರು.

ಡಾಕ್ಟರಮ್ಮ ಹೆಡ್‌ಮಾಸ್ಟರ ಕಡೆ ತಿರುಗಿದರು. "ಚಂಚಲ ಮಕ್ಕಳು ಬೇಕಾದಷ್ಟು ಸಿಕ್ಕಿದ್ರು ಸಾರ್. ಅವರ ಪಕ್ಕ ಇಟ್ಟು ಹೋಲಿಸೋಕೆ ಒಂದು ಶಾಂತವಾದ ಮಗು ಬೇಕಿತ್ತು. ತಾಲ್ಲೂಕೆಲ್ಲ ಸುತ್ತಿ ಇವಳು ಸಿಕ್ಕಿದ್ಲು. ತಿಂಗಳು ತಿಂಗಳು ಬಂದು ಪರೀಕ್ಷೆ ಮಾಡ್ತೀನಿ. ಯಾರನ್ನ ಬಿಡಿಸಿದ್ರೂ ಇವಳನ್ನ ಮಾತ್ರ ಸ್ಕೂಲು ಬಿಡಿಸ್ಬೇಡಿ."

ಅಶ್ವತ್ಥಪ್ಪನವರು ಹರಳೆಣ್ಣೆ ಕುಡಿದವರಂತೆ ತಲೆಯಾಡಿಸಿದರು.

ಔಷಧಿಯೆಲ್ಲ ಬೇರೆ ಮಕ್ಕಳಿಗೆ ಹಂಚಿದ ಮೇಲೆ ಡಾಕ್ಟರಮ್ಮನ ಜೀಪು ಹೊರಟಿತು. ಅದರ ಸದ್ದಿಗೆ ಆಂಜಿನಮ್ಮನಿಗೆ ಪೂರ್ತಿ ಎಚ್ಚರವಾಯಿತು. ಧೂಳು ಅಡಗುವಷ್ಟರಲ್ಲಿ ಅವಳು ಶಾಲೆಯ ಹೆಂಚಿನ ಮೇಲಿದ್ದಳು.

"ನಿಧಾನಕ್ಕೆ ಇಳಿಯಮ್ಮ," ಎಂದು ಬೇಡಿಕೊಂಡ ಹೆಡ್‌ಮಾಸ್ಟರು ಗಂಗುಲಪ್ಪನ ಕಿವಿಯ ಬಳಿ ಬಗ್ಗಿದರು. "ಮುಂದಿನ ತಿಂಗಳು ಏನಪ್ಪಾ ಗತಿ?"

ಗಂಗುಲಪ್ಪ ಮಗಳನ್ನು ಹಿಡಿಯಲು ಎರಡೂ ಕೈ ಮೇಲೆತ್ತಿ ನಿಂತಿದ್ದ.

"ಅದು ಮುಂದಿನ ತಿಂಗಳ ಮಾತು ಸಾರ್. ನಾಳೆ ಎಷ್ಟೊತ್ತಿಗೆ ಕಳಿಸ್ಲಿ?"